ಲೇಬಲ್ ಹೇಳದ್ದನ್ನು ತಟ್ಟೆ ಹೇಳುತ್ತದೆ

ಕಾರವಾರ, ಅಂಕೋಲೆ ಕಡೆಯ ಹಳೆಯ ಮನೆಯ ಅಟ್ಟದಿಂದ ರಿಕಾರ್ಡಿನ ಪೆಟ್ಟಿಗೆ ಇಳಿಸಿದರೆ ಅದರಲ್ಲಿ ಒಂದೇ ಭಾಷೆಯ ಹಾಡು ಸಿಗುವುದು ಅಪರೂಪ. ರಾಜಕುಮಾರ್ ಸಿನಿಮಾದ ಹಾಡಿನ ಬೆನ್ನಿಗೆ ಮರಾಠಿ ಲಾವಣಿ, ಅದರ ಕೆಳಗೆ ಕ್ರಿಸ್ ಪೆರಿ ಸಂಗೀತಕ್ಕೆ ಲೋರ್ನಾ ಹಾಡಿದ ಕೊಂಕಣಿ ತಟ್ಟೆ, ನಡುವೆ ಯಾರೋ ಮುಂಬಯಿಯಿಂದ ತಂದ ಇಂಗ್ಲಿಷ್ ಹಾಡು. ಕಾಳಿ ನದಿ ದಾಟಿ ಮಾಜಾಳಿ ಮುಟ್ಟಿದರೆ ಆಚೆ ಗೋವಾ. ಮರಾಠಿ ಚಿತ್ರರಂಗದ ತಾರೆ ಜಯಶ್ರೀ ಗಡ್ಕರ್ 1942ರಲ್ಲಿ ಹುಟ್ಟಿದ್ದು ಕಾರವಾರದ ಬದಿಯ ಕಣಸಗಿರಿಯಲ್ಲಿ. ಅವರು ನಟಿಸಿದ 1959ರ 'ಸಾಂಗತ್ಯೇ ಐಕಾ' ಚಿತ್ರಕ್ಕೆ ಆಶಾ ಭೋಸ್ಲೆ ಹಾಡಿದ ಲಾವಣಿ ಈ ಕರಾವಳಿಗೆ ಪರಕೀಯವೇನೂ ಆಗಿರಲಿಲ್ಲ. ಹೀಗಾಗಿ ಇಲ್ಲಿನ ಪೆಟ್ಟಿಗೆಗಳು ಬೆರಕೆ ಪೆಟ್ಟಿಗೆಗಳು. ಅವುಗಳಲ್ಲಿ ದೊಡ್ಡ ಎಲ್‌ಪಿಗಳಿಗಿಂತ ಏಳಿಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ತಟ್ಟೆಗಳೇ ಹೆಚ್ಚು. ಹೊರದೇಶಗಳಲ್ಲಿ ಮಗ್ಗುಲಿಗೆ ಒಂದೊಂದು ಹಾಡಿನ ಸಿಂಗಲ್ ಮಾಡಿದ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಮಗ್ಗುಲಿಗೆ ಒಂದೋ ಎರಡೋ ಹಾಡು ಹಿಡಿಯುವ ಇಪಿ ಮಾಡಿತು. 1972ರ 'ಬಂಗಾರದ ಮನುಷ್ಯ', 'ನಾಗರಹಾವು' ಕಾಲದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು ಈ ಸಣ್ಣ ತಟ್ಟೆ.

ಸಂಗ್ರಾಹಕರನ್ನು ಕಾಡುವ ಪ್ರಶ್ನೆ ಹುಟ್ಟುವುದು ಒಂದೇ ಹಾಡಿನ ಎರಡು ತಟ್ಟೆ ಪಕ್ಕಪಕ್ಕ ಬಂದಾಗ. ಹಾಡು ಅದೇ, ಲೇಬಲ್ಲಿನ ಮೇಲಿನ ಕ್ರಮಸಂಖ್ಯೆಯೂ ಅದೇ. ಆದರೆ ಒಂದರ ಲೇಬಲ್ ಬಣ್ಣ ಬೇರೆ, ಅಕ್ಷರದ ಅಚ್ಚು ಬೇರೆ, ಅಂಚಿನ ಸುತ್ತ ಮುದ್ರಿಸಿದ ಹಕ್ಕುಸ್ವಾಮ್ಯದ ಸಾಲು ಬೇರೆ. ಯಾವುದು ಸಿನಿಮಾ ಬಿಡುಗಡೆಯಾದ ಹೊಸದರಲ್ಲಿ ಒತ್ತಿದ್ದು, ಯಾವುದು ಆರೇಳು ವರ್ಷ ಕಳೆದ ಮೇಲೆ ಬೇಡಿಕೆ ಬಂದಾಗ ಮತ್ತೆ ಒತ್ತಿದ್ದು? ಇದಕ್ಕೆ ಅಂದಾಜಿನ ಉತ್ತರ ಕೊಡುವವರು ಬಹಳ. ಆದರೆ ತಟ್ಟೆಯ ಹುಟ್ಟಿನ ವಿಜ್ಞಾನ ಗೊತ್ತಿದ್ದರೆ ಅಂದಾಜಿನ ಭಾಗ ತೀರಾ ಕಡಿಮೆಯಾಗುತ್ತದೆ.

ಮೊದಲು ಕಾರ್ಖಾನೆಗೆ ಹೋಗೋಣ. ಸ್ಟುಡಿಯೋದ ಟೇಪಿನಲ್ಲಿರುವ ಹಾಡನ್ನು ಮೆರುಗೆಣ್ಣೆ ಬಳಿದ ಅಲ್ಯುಮಿನಿಯಂ ತಟ್ಟೆಯ ಮೇಲೆ ಸುರುಳಿ ಗೀರಾಗಿ ಕೊರೆಯುತ್ತಾರೆ. ಇದು ಲ್ಯಾಕರ್. ಬಹಳ ಮೆತ್ತಗಿನದು, ಹತ್ತಾರು ಸಲ ಬಾರಿಸಿದರೆ ಹಾಳು. ಅದಕ್ಕೆ ತೆಳ್ಳಗೆ ಬೆಳ್ಳಿ ಹಿಡಿಸಿ, ವಿದ್ಯುತ್ತಿನ ಸ್ನಾನದಲ್ಲಿ ನಿಕ್ಕಲ್ ಬೆಳೆಸಿ, ಆ ಲೋಹದ ಪದರವನ್ನು ಬಿಡಿಸಿಕೊಳ್ಳುತ್ತಾರೆ. ಲ್ಯಾಕರಿನಲ್ಲಿ ತಗ್ಗಾಗಿದ್ದ ಗೀರು ಇದರಲ್ಲಿ ಉಬ್ಬು. ಈ ಲೋಹಕ್ಕೆ ಕಸುಬಿನವರ ಹೆಸರು ತಂದೆ. ತಂದೆಯ ಮೇಲೆ ಮತ್ತೆ ನಿಕ್ಕಲ್ ಬೆಳೆಸಿದರೆ ತಗ್ಗು ಗೀರಿನ ತಾಯಿ. ತಾಯಿಯಿಂದ ಮತ್ತೆ ಉಬ್ಬು ಗೀರಿನ ಸ್ಟ್ಯಾಂಪರ್. ಚೌತಿಗೆ ಗಣಪತಿಯ ಮುಖ ಒತ್ತುವ ಅಚ್ಚು ನೋಡಿದವರಿಗೆ ಇದರ ತರ್ಕ ತಟ್ಟನೆ ಹೊಳೆಯುತ್ತದೆ. ಅಚ್ಚಿನಲ್ಲಿ ಮೂಗು ಹೊಂಡ, ಮಣ್ಣಿನಲ್ಲಿ ಮೂಗು ಉಬ್ಬು. ಆ ಅಚ್ಚು ಸವೆದರೆ ಹೊಸ ಅಚ್ಚು ತೆಗೆಯಲು ಮೂಲಮೂರ್ತಿಯೊಂದು ಜೋಪಾನವಾಗಿರಬೇಕು.

ಒಂದು ಸ್ಟ್ಯಾಂಪರ್ ಸಾಮಾನ್ಯವಾಗಿ ಸಾವಿರದ ಆಸುಪಾಸು ತಟ್ಟೆ ಒತ್ತಿ ಸವೆಯುತ್ತದೆ. ಆಗ ತಾಯಿಯಿಂದ ಇನ್ನೊಂದು. ತಾಯಿಯೂ ಹಾಳಾದರೆ ತಂದೆಯಿಂದ ಇನ್ನೊಬ್ಬ ತಾಯಿ. ತಂದೆಯೇ ಹೋದರೆ ಟೇಪಿನಿಂದ ಹೊಸ ಲ್ಯಾಕರ್ ಕೊರೆಯಬೇಕು. ಹಾಗೆ ಕೊರೆಯುವಾಗ ಕೆಲಸಗಾರ ಬೇರೆ, ಯಂತ್ರದ ಹೊಂದಿಕೆ ಬೇರೆ. ಆದ್ದರಿಂದ ದನಿಯೂ ತುಸು ಬೇರೆ. ಹಾಡು ಜನಪ್ರಿಯವಾದಷ್ಟೂ ಈ ವಂಶವೃಕ್ಷದಲ್ಲಿ ಕೊಂಬೆ ಹೆಚ್ಚು. ಕಾರ್ಖಾನೆಯವರು ಈ ಗೊಂದಲದಲ್ಲಿ ತಾವೇ ಕಳೆದುಹೋಗಬಾರದೆಂದು ಪ್ರತಿ ಹಂತದಲ್ಲೂ ಲೋಹದ ಮೇಲೆ ಗುರುತು ಹಾಕಿದರು. ಆ ಗುರುತು ನಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ಕಿನ ಮೇಲೂ ಒತ್ತಿಕೊಂಡು ಬಂದಿದೆ. ನಾವು ಓದಬೇಕಾದದ್ದು ಅದನ್ನು.

ತಟ್ಟೆಯನ್ನು ಅಂಚು ಮತ್ತು ನಡುತೂತು ಹಿಡಿದು ಕಿಟಕಿಯ ಬಳಿ ತನ್ನಿ. ಹಾಡಿನ ಗೀರು ಮುಗಿದು ಲೇಬಲ್ ಶುರುವಾಗುವ ನಡುವೆ ಒಂದೆರಡು ಬೆರಳಗಲ ನುಣುಪಾದ ಪಟ್ಟಿ ಇರುತ್ತದೆ. ಮುಳ್ಳನ್ನು ಒಳಗೆಳೆದು ತರುವ ಒಂದೇ ಒಂದು ಗೀರು ಅದರಲ್ಲಿ ಹಾದುಹೋಗಿರುತ್ತದೆ, ಅಷ್ಟೇ. ಬೆಳಕು ನೇರ ಬಿದ್ದರೆ ಅಲ್ಲಿ ಏನೂ ಕಾಣದು. ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಇಳಿಸಿ, ಬೆಳಕು ಓರೆಯಾಗಿ ಸವರುವಂತೆ ಹಿಡಿದು, ತಟ್ಟೆಯನ್ನು ನಿಧಾನ ತಿರುಗಿಸುತ್ತ ಬನ್ನಿ. ಒಂದು ಕೋನದಲ್ಲಿ ಅಂಕಿಗಳು ಮೇಲೇಳುತ್ತವೆ. ಕೆಲವು ಯಂತ್ರದಲ್ಲಿ ಒತ್ತಿದ ಅಚ್ಚುಕಟ್ಟಾದ ಅಕ್ಷರ, ಕೆಲವು ಮೊನೆಯಿಂದ ಕೈಯಲ್ಲೇ ಕೆತ್ತಿದ ಸೊಟ್ಟ ಬರಹ. ಒಂದು ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದಿರುವುದೂ ಉಂಟು. ಯಾರೋ ಒಬ್ಬ ಕೆಲಸಗಾರನ ಕೈಬರಹ ಅದು. ಹಾಡಿನ ಜತೆ ಅದೂ ಸಾವಿರಾರು ಮನೆಗೆ ಹೋಗಿದೆ ಎನ್ನುವುದು ನನಗೆ ಪ್ರತಿ ಸಲವೂ ರೋಮಾಂಚನ ತರುವ ಸಂಗತಿ.

ಇದರಲ್ಲಿ ಮುಖ್ಯವಾದದ್ದು ಮ್ಯಾಟ್ರಿಕ್ಸ್ ಸಂಖ್ಯೆ. ಲೇಬಲ್ಲಿನ ಕ್ರಮಸಂಖ್ಯೆ ಅಂಗಡಿಯವನಿಗಾಗಿ ಇರುವುದು; ಅದು ಮಾರಾಟದ ಸರಕನ್ನು ಗುರುತಿಸುತ್ತದೆ. ಮ್ಯಾಟ್ರಿಕ್ಸ್ ಸಂಖ್ಯೆ ಕಾರ್ಖಾನೆಗಾಗಿ ಇರುವುದು. ಅದು ಒಂದು ಮಗ್ಗುಲನ್ನು, ಆ ಮಗ್ಗುಲಿನ ಒಂದು ನಿರ್ದಿಷ್ಟ ಕೊರೆತವನ್ನು ಗುರುತಿಸುತ್ತದೆ. ಬೀಟಲ್ಸ್ ತಂಡದ 'ಲವ್ ಮಿ ಡೂ' ಸಿಂಗಲ್ ಬ್ರಿಟನ್ನಿನಲ್ಲಿ ಹೊರಬಂದದ್ದು 1962ರ ಅಕ್ಟೋಬರ್ 5ರಂದು, ಪಾರ್ಲೋಫೋನ್ ಲೇಬಲ್ಲಿನಲ್ಲಿ, ಆರ್ 4949 ಎಂಬ ಕ್ರಮಸಂಖ್ಯೆಯೊಡನೆ. ಗೀರಿಲ್ಲದ ಪಟ್ಟಿಯಲ್ಲಿ ಇರುವುದು ಬೇರೆಯೇ ಬರಹ: 7ಎಕ್ಸ್‌ಸಿಇ 17144-1ಎನ್. ಆ ಕೊನೆಯ ಒಂದು ಮೊದಲ ಲ್ಯಾಕರಿನ ಗುರುತು. ಆ ತಟ್ಟೆ ಒತ್ತಿದ ಕಾರ್ಖಾನೆ ಸ್ಟ್ಯಾಂಪರಿನ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯದೆ ಹತ್ತು ಅಕ್ಷರದ ಗೂಢಲಿಪಿಯಲ್ಲಿ ಬರೆಯುತ್ತಿತ್ತು. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ, ಅಂದರೆ ಗ್ರಾಮೊಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಆಯ್ದ ಅಕ್ಷರಗಳು. ಜಿ ಎಂದರೆ 1, ಆರ್ ಎಂದರೆ 2, ಹೀಗೆ ಹೋಗಿ ಟಿ 9, ಡಿ ಸೊನ್ನೆ. ಪಟ್ಟಿಯ ಬಲಗಡೆ ಆರ್‌ಒ ಎಂದಿದ್ದರೆ ಅದು ಇಪ್ಪತ್ತೈದನೆಯ ಸ್ಟ್ಯಾಂಪರ್. ಎಡಗಡೆ ಬರೆದ ಅಂಕಿ ತಾಯಿಯದು. ಇಷ್ಟು ತಿಳಿದರೆ ಒಂದು ತಟ್ಟೆ ಆ ಹಾಡಿನ ಮೊದಲ ದಿನಗಳದೋ ಕೊನೆಯ ದಿನಗಳದೋ ಎಂದು ಲೇಬಲ್ ಮುಚ್ಚಿಟ್ಟೂ ಹೇಳಬಹುದು.

ಈ ಹಾಡು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಮೊದಲು ಕೆಂಪು ಲೇಬಲ್, 1963ರಲ್ಲಿ ಕಂಪನಿ ಲೇಬಲ್ ಬದಲಿಸಿದ ಮೇಲೆ ಕಪ್ಪು. 1982ರಲ್ಲಿ, ಇಪ್ಪತ್ತು ವರ್ಷದ ನೆನಪಿಗೆ, ಮತ್ತೆ ಕೆಂಪು. ಬಣ್ಣವನ್ನೇ ನಂಬಿದವರು 1982ರ ತಟ್ಟೆಗೆ 1962ರ ಬೆಲೆ ಕೊಟ್ಟಾರು. ಇನ್ನೂ ಮೋಜೆಂದರೆ, ಆ ಹಾಡನ್ನು ಎರಡು ದಿನ ಇಬ್ಬರು ಬೇರೆ ಬೇರೆ ಡ್ರಮ್ ವಾದಕರೊಡನೆ ಮುದ್ರಿಸಿದ್ದರು. 1962ರ ಸಿಂಗಲ್ಲಿನಲ್ಲಿ ಡ್ರಮ್ ಬಾರಿಸಿದವರು ರಿಂಗೊ ಸ್ಟಾರ್. ಆಮೇಲಿನ ಎಲ್‌ಪಿಯಲ್ಲಿ ಡ್ರಮ್ ಆಂಡಿ ವೈಟ್ ಅವರದು, ರಿಂಗೊ ಕೈಯಲ್ಲಿ ಗೆಜ್ಜೆಬಳೆಯಂಥ ಟ್ಯಾಂಬರೀನ್. ನಂತರ ಅದೇ ಸಿಂಗಲ್ಲನ್ನು ಮರುಮುದ್ರಿಸುವಾಗ ಎಲ್‌ಪಿಯ ರೂಪ ಒಳಹೊಕ್ಕಿತು. ಕ್ರಮಸಂಖ್ಯೆ ಅದೇ, ಹೆಸರು ಅದೇ, ಒಳಗಿನ ಹಾಡೇ ಬೇರೆ! ಟ್ಯಾಂಬರೀನ್ ಕೇಳಿದರೆ ಅದು ಮೂಲ ಸಿಂಗಲ್ ಅಲ್ಲ.

ನಮ್ಮ ನೆಲಕ್ಕೆ ಬಂದರೆ ಈ ಕಥೆ ಇನ್ನೂ ಹಿಂದಿನಿಂದ ಶುರು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದಾಗ ಭಾರತದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಯಾಗಿ ತಿರುಗಿ ಬಂದವು. ಅವುಗಳಲ್ಲೂ ಏಳಿಂಚಿನ ಸಣ್ಣ ತಟ್ಟೆಗಳಿದ್ದವು, ಒಂದೇ ಮಗ್ಗುಲಿಗೆ ಹಾಡು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿಂದ ಮುಂದೆ ಅದೇ ಹಾಡುಗಳು ಕಲಕತ್ತೆಯಲ್ಲೂ ಒತ್ತಲ್ಪಟ್ಟವು. ಆದ್ದರಿಂದ ಲೇಬಲ್ಲಿನಲ್ಲಿ ಹ್ಯಾನೋವರ್ ಎಂದಿದೆಯೋ ಕಲಕತ್ತಾ ಎಂದಿದೆಯೋ ಎನ್ನುವುದು ಒಂದೇ ಧ್ವನಿಯ ಎರಡು ಜನ್ಮಗಳನ್ನು ಬೇರ್ಪಡಿಸುತ್ತದೆ. ಚಿತ್ರವೂ ಸಾಕ್ಷಿ ಹೇಳುತ್ತದೆ. ಮೊದಲಿನ ಲೇಬಲ್ಲಿನಲ್ಲಿ ತಟ್ಟೆಯ ಮೇಲೆ ಗರಿಯಿಂದ ಬರೆಯುವ ದೇವದೂತ. 1909ರ ನಂತರ ಹಂತಹಂತವಾಗಿ ಆ ಜಾಗಕ್ಕೆ ಬಂದದ್ದು ಕೊಳವೆಯ ಮುಂದೆ ಕಿವಿಗೊಟ್ಟು ಕೂತ ನಾಯಿ.

ಕಾರ್ಖಾನೆ 1928ರಲ್ಲಿ ಕಲಕತ್ತೆಯ ಬದಿಯ ದಮ್ ದಮ್‌ಗೆ ಬಂತು. 1931ರಲ್ಲಿ ಲಂಡನ್ನಿನಲ್ಲಿ ಗ್ರಾಮೊಫೋನ್ ಕಂಪನಿಯೂ ಕೊಲಂಬಿಯಾ ಕಂಪನಿಯೂ ಸೇರಿ ಇಎಂಐ ಆಯಿತು. ಕರಾವಳಿಯ ಪೆಟ್ಟಿಗೆಯಲ್ಲಿರುವ ಎಚ್‌ಎಂವಿ, ಕೊಲಂಬಿಯಾ, ಓಡಿಯನ್ ತಟ್ಟೆಗಳು ಪೈಪೋಟಿಯ ಕಂಪನಿಗಳಂತೆ ಕಂಡರೂ ಒಂದೇ ಮನೆಯ ಮಕ್ಕಳಾದದ್ದು ಹೀಗೆ. ಕನ್ನಡ ಹಾಡು, ಕೊಂಕಣಿ ಹಾಡು, ಲಾವಣಿ, ಎಲ್ಲವೂ ಬಹುಪಾಲು ಆ ಒಂದೇ ಊರಿನ ಯಂತ್ರಗಳಿಂದ ಹೊರಟು ಇಲ್ಲಿಗೆ ಬಂದವು. ವಿದೇಶದಿಂದ ತರಿಸಿದ ಲೋಹದಿಂದ ಒತ್ತಿದ ಇಂಗ್ಲಿಷ್ ಹಾಡಿನಲ್ಲಿ ಅಲ್ಲಿನ ಮ್ಯಾಟ್ರಿಕ್ಸ್ ಬರಹ ಹಾಗೇ ಉಳಿಯುತ್ತದೆ. ಇಲ್ಲೇ ಕೊರೆದ ಹಾಡಿಗೆ ಇಲ್ಲಿನ ಬರಹ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕೈಯ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಕ್ರಮಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ಯುವಕ ರವೀಂದ್ರನಾಥ ಠಾಕೂರರು ಅಣ್ಣ ಸತ್ಯೇಂದ್ರನಾಥರ ಜತೆ ತಂಗಿದ್ದ ಕಾರವಾರದ ಕಡಲತೀರಕ್ಕೆ ಇಂದು ಅವರದೇ ಹೆಸರು. ಅದಾಗಿ ಸುಮಾರು ಅರ್ಧ ಶತಮಾನಕ್ಕೆ, 1932ರಲ್ಲಿ, ಕಲಕತ್ತೆಯ ಹಿಂದೂಸ್ಥಾನ್ ರಿಕಾರ್ಡ್ಸ್ ತನ್ನ ಮೊದಲ ತಟ್ಟೆಯನ್ನು ಅವರ ಧ್ವನಿಯಿಂದಲೇ ಆರಂಭಿಸಿತು. ಅದರ ಸಂಖ್ಯೆ ಎಚ್ 1. ಇಂಥ ತಟ್ಟೆ ಕೈಗೆ ಸಿಕ್ಕವರಿಗೆ ಒಂದು ಎಂಬ ಅಂಕಿ ಕಂಡೊಡನೆ ಮೊದಲ ಮುದ್ರಣವೇ ಸಿಕ್ಕಿತೆಂಬ ಆಸೆ ಹುಟ್ಟುವುದು ಸಹಜ. ಆದರೆ ಕ್ರಮಸಂಖ್ಯೆ ಒಂದು ಶೀರ್ಷಿಕೆಗೆ ಅಂಟಿಕೊಂಡದ್ದು. ಎಷ್ಟು ಸಲ ಒತ್ತಿದರೂ ಅದು ಹಾಗೇ ಮುಂದುವರಿಯಬಹುದು. ಸಂಖ್ಯೆ ಚಿಕ್ಕದೆಂದು ತಟ್ಟೆ ಹಳೆಯದಾಗುವುದಿಲ್ಲ.

ಲೇಬಲ್ಲಿನ ಸಣ್ಣಕ್ಷರಗಳಲ್ಲಿ ಇನ್ನೆರಡು ಕಡೆ ಕಣ್ಣಿಡಬೇಕು. ಒಂದು, ವೃತ್ತದೊಳಗಿನ ಪಿ ಅಕ್ಷರ ಮತ್ತು ಅದರ ಮುಂದಿನ ಇಸವಿ. 1961ರ ರೋಮ್ ಒಪ್ಪಂದದಲ್ಲಿ ಬಂದು 1971ರ ಜಿನೀವಾ ಒಪ್ಪಂದದಲ್ಲಿ ಗಟ್ಟಿಯಾದ ಗುರುತಿದು. ಜಿನೀವಾ ಒಪ್ಪಂದಕ್ಕೆ ಭಾರತ ಸೇರಿದ್ದು 1975ರಲ್ಲಿ. ಬಹಳ ಜನ ಪಿ ಅಕ್ಷರದ ಮುಂದಿನ ಇಸವಿಯನ್ನೇ ತಟ್ಟೆ ಒತ್ತಿದ ಇಸವಿ ಎಂದುಕೊಳ್ಳುತ್ತಾರೆ. ಅದು ಮುದ್ರಿತ ಧ್ವನಿ ಮೊದಲು ಪ್ರಕಟವಾದ ಇಸವಿ ಮಾತ್ರ. 1972 ಎಂದಿರುವ ತಟ್ಟೆ 1978ರಲ್ಲಿ ಒತ್ತಿದ್ದಾಗಿರಬಹುದು. 1972ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಎರಡು, ತಯಾರಕರ ಹೆಸರಿನ ಸಾಲು. ಕಂಪನಿಗಳ ಒಡೆತನ, ಹೆಸರು, ವಿಳಾಸ ಬದಲಾದಂತೆ ಆ ಸಾಲೂ ಬದಲಾಗುತ್ತದೆ. ಪಾಲಿಡಾರ್ ತಟ್ಟೆಗಳಲ್ಲಿ ಮೊದಲು ಪಾಲಿಡಾರ್ ಆಫ್ ಇಂಡಿಯಾ, ಆಮೇಲೆ ಮ್ಯೂಸಿಕ್ ಇಂಡಿಯಾ. ಹಾಡಿನ ಹೆಸರು ಓದುವವರು ಎಲ್ಲರೂ. ಈ ಸಾಲು ಓದುವವನೇ ನಿಜವಾದ ಸಂಗ್ರಾಹಕ.

ಲೇಬಲ್ ತಟ್ಟೆಗೆ ಅಂಟಿಸಿದ್ದೆಂಬ ನಂಬಿಕೆಯೂ ಇದೆ. ಹಾಗಲ್ಲ. ಕೆಳಗೊಂದು ಸ್ಟ್ಯಾಂಪರ್, ಮೇಲೊಂದು ಸ್ಟ್ಯಾಂಪರ್, ನಡುವೆ ಬಿಸಿ ವಿನೈಲಿನ ಮುದ್ದೆ, ಮುದ್ದೆಯ ಎರಡೂ ಬದಿಗೆ ಕಾಗದದ ಲೇಬಲ್. ಹಬೆಯ ಬಿಸಿ, ಟನ್ನುಗಟ್ಟಲೆ ಒತ್ತಡ, ಅರ್ಧ ನಿಮಿಷದೊಳಗೆ ಕಾಗದ ಪ್ಲಾಸ್ಟಿಕ್ಕಿನ ಒಳಗೇ ಕೂತುಬಿಡುತ್ತದೆ. ಕಾಗದದಲ್ಲಿ ತೇವ ಉಳಿದಿದ್ದರೆ ಆ ಬಿಸಿಗೆ ಹಬೆಯಾಗಿ ಗುಳ್ಳೆ ಏಳುತ್ತದೆ. ಅದಕ್ಕೇ ಲೇಬಲ್ಲುಗಳನ್ನು ಒಲೆಯಲ್ಲಿ ಒಣಗಿಸಿಯೇ ಬಳಸಬೇಕು. ಲೇಬಲ್ಲಿನ ಮೇಲೆ ಬೆರಳಾಡಿಸಿದರೆ ಕೆಲವು ತಟ್ಟೆಗಳಲ್ಲಿ ದುಂಡನೆಯ ತಗ್ಗು ಉಂಗುರವೊಂದು ಸಿಗುತ್ತದೆ. ಸ್ಟ್ಯಾಂಪರನ್ನು ನಡುವೆ ಹಿಡಿದಿಡುವ ಭಾಗದ ಗುರುತದು. ಭಾಗ ಬದಲಾದಾಗ ಉಂಗುರದ ಅಗಲ, ಆಳ ಬದಲಾಗುತ್ತದೆ. ಇದನ್ನು ಪೂರಕ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ ಎನ್ನುತ್ತೇನೆ. ಹಳೆಯ ಬಿಡಿಭಾಗವನ್ನು ಕಾರ್ಖಾನೆಗಳು ಹೊಸದರ ಜತೆಗೂ ವರ್ಷಗಟ್ಟಲೆ ಬಳಸಿದ್ದುಂಟು.

ಪೆಟ್ಟಿಗೆಯಲ್ಲಿ 78 ಸುತ್ತಿನ ದಪ್ಪ ತಟ್ಟೆಗಳೂ ಇರುತ್ತವೆ. ಬ್ರಿಟನ್ನಿನಲ್ಲಿ 1960ರ ಹೊತ್ತಿಗೆ ನಿಂತುಹೋದ ಈ ಬಗೆ ಭಾರತದಲ್ಲಿ ಮುಂದುವರಿಯಿತು. ವಿದ್ಯುತ್ತಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮೊಫೋನು ಇನ್ನೂ ನಡೆಯುತ್ತಿತ್ತು. ಬೀಟಲ್ಸ್ ಹಾಡುಗಳು 78 ಸುತ್ತಿನ ತಟ್ಟೆಯಲ್ಲಿ ದಮ್ ದಮ್‌ನಿಂದ ಹೊರಬಂದದ್ದು ಇದೇ ಕಾರಣಕ್ಕೆ. ಇಂದು ಜಗತ್ತಿನ ಸಂಗ್ರಾಹಕರು ಅವುಗಳಿಗಾಗಿ ಹುಡುಕಾಡುತ್ತಾರೆ. ಅಟ್ಟದ ಮೇಲಿನ ಇಂಗ್ಲಿಷ್ ತಟ್ಟೆಯನ್ನು ಉಪೇಕ್ಷೆ ಮಾಡಬೇಡಿ.

78ರ ತಟ್ಟೆಯ ಮೂಲ ಪದಾರ್ಥ ಅರಗು. ನಮ್ಮ ದೇಶದ ಕಾಡಿನ ಮರಗಳಲ್ಲಿ ಅರಗಿನ ಹುಳ ಸ್ರವಿಸುವ ರಾಳವೇ ಜಗತ್ತಿನ ಸಂಗೀತವನ್ನು ಅರ್ಧ ಶತಮಾನ ಹೊತ್ತದ್ದು. ಅದಕ್ಕೆ ಕಲ್ಲಿನ ಪುಡಿ, ಹತ್ತಿಯ ನಾರು, ಮಸಿ ಬೆರೆಸುತ್ತಿದ್ದರು. ಕಲ್ಲಿನ ಪುಡಿಯ ಕಣಗಳು ಒರಟು, ಅದರಿಂದಲೇ ಆ ಸರಸರ ಸದ್ದು. ಒರಟು ಪದಾರ್ಥದಲ್ಲಿ ಸೂಕ್ಷ್ಮ ಕಂಪನ ಬರೆಯಬೇಕಾದರೆ ಗೀರು ಅಗಲವಾಗಿರಬೇಕು, ಮುಳ್ಳಿನಡಿ ವೇಗವಾಗಿ ಸರಿಯಬೇಕು. 78ರ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ಗೀರು ಮುಳ್ಳಿನ ಕೆಳಗೆ ಹಾದುಹೋಗುತ್ತದೆ. 45ರ ಸಣ್ಣ ತಟ್ಟೆಯಲ್ಲಿ ಹೊರ ಅಂಚಿನಲ್ಲಿ ಸುಮಾರು 40 ಸೆಂಟಿಮೀಟರ್, ಒಳಗೆ ಬರುತ್ತ 26. ವಿನೈಲ್ ನುಣುಪಾದ್ದರಿಂದಲೇ ಈ ನಿಧಾನ ಸಾಧ್ಯವಾಯಿತು. ಮುಳ್ಳಿನ ತುದಿಯೂ ಸುಮಾರು 75 ಮೈಕ್ರಾನಿನಿಂದ 25ಕ್ಕೆ ಇಳಿಯಿತು. ಹಳೆಯ ಉಕ್ಕಿನ ಮುಳ್ಳನ್ನು 45ರ ಮೇಲೆ ಇಟ್ಟರೆ ಗೀರು ಒಂದೇ ಸಲಕ್ಕೆ ಕೆಡುತ್ತದೆ. ಎಷ್ಟೋ ಮನೆಯ ಇಪಿಗಳು ಬೂದುಬಣ್ಣಕ್ಕೆ ತಿರುಗಿರುವುದು ಹೀಗೆ.

ಪದಾರ್ಥ ಯಾವುದೆಂದು ತಿಳಿಯುವುದು ತೊಳೆಯುವ ಮೊದಲಿನ ಕೆಲಸ. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಬಡಗಿ ಮರಕ್ಕೆ ಪಾಲಿಶ್ ತಯಾರಿಸುವುದೇ ಹಾಗೆ. ವಿನೈಲ್ ತೊಳೆಯಲು ಕೆಲವರು ನೀರಿಗೆ ಬೆರೆಸುವ ಐಸೊಪ್ರೊಪೈಲ್ ಮದ್ಯಸಾರವನ್ನು 78ರ ತಟ್ಟೆಗೆ ಮುಟ್ಟಿಸಿದರೆ ಗೀರೇ ಅಳಿಸಿಹೋಗುತ್ತದೆ. ಭಾರವಾಗಿ, ಗಟ್ಟಿಯಾಗಿ, ಬಾಗದೆ ಇದ್ದರೆ ಅರಗು; ಹಗುರವಾಗಿ ತುಸು ಬಳುಕಿದರೆ ವಿನೈಲ್.

ಕಾರವಾರ, ಅಂಕೋಲೆಗಳಲ್ಲಿ ಈ ಎಲ್ಲಕ್ಕೂ ಒಂದು ಅವಸರ ಸೇರಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಾಳಿಯ ತೇವಾಂಶ ಶೇಕಡ 70 ದಾಟಿದರೆ ಬೂಷ್ಟಿಗೆ ಹಬ್ಬ. ಇಲ್ಲಿನ ಮಳೆಗಾಲ ಆ ಗೆರೆಯ ಮೇಲೆಯೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಬೂಷ್ಟಿಗೆ ವಿನೈಲ್ ತಿನ್ನಲಾಗದು. ಅದು ತಿನ್ನುವುದು ಕಾಗದವನ್ನು, ಲಕೋಟೆಯ ಅಂಟನ್ನು, ಬೆರಳಿನ ಎಣ್ಣೆ ಹಿಡಿದ ಧೂಳನ್ನು. ಮೊದಲು ಹೋಗುವುದು ಲಕೋಟೆ, ಆಮೇಲೆ ಲೇಬಲ್. ಒರಲೆ ಬಂದರಂತೂ ಒಂದು ವಾರ ಸಾಕು. ಹೆಂಚಿನಡಿಯ ಅಟ್ಟದ ಬೇಸಿಗೆ ಬಿಸಿ ಇನ್ನೊಂದು ಕೇಡು, ಒಂದರ ಮೇಲೊಂದು ಮಲಗಿಸಿಟ್ಟ ತಟ್ಟೆಗಳು ಆ ಬಿಸಿಗೆ ನಿಧಾನವಾಗಿ ಬಾಗುತ್ತವೆ. ಹೀಗೆ ಲೇಬಲ್ ಕಳೆದುಕೊಂಡ ತಟ್ಟೆಯನ್ನು ಗುಜರಿಗೆ ಹಾಕುವವರಿದ್ದಾರೆ. ಗೀರಿಲ್ಲದ ಪಟ್ಟಿ ಉಳಿದಿದ್ದರೆ ಆ ತಟ್ಟೆಯ ಗುರುತು ಉಳಿದಿದೆ ಎಂದೇ ಅರ್ಥ. ಕೈಬರಹದ ಆ ಸಂಖ್ಯೆಯನ್ನು ಲೇಬಲ್ ಇರುವ ಇನ್ನೊಂದು ಪ್ರತಿಯ ಜತೆ ಹೊಂದಿಸಿದರೆ ಹಾಡು, ಚಿತ್ರ, ಎಲ್ಲ ಗೊತ್ತಾಗುತ್ತದೆ.

ಹೊಂದಿಸಲು ಸಂಖ್ಯೆಗಳ ಯಾದಿ ಬೇಕು. 1899ರಿಂದ 1908ರವರೆಗೆ ಗ್ರಾಮೊಫೋನ್ ಕಂಪನಿ ಭಾರತೀಯ ಕಲಾವಿದರದೆಂದು ಮುದ್ರಿಸಿದ್ದನ್ನೆಲ್ಲ ಮೈಕೆಲ್ ಕಿನ್ನಿಯರ್ ಎಂಬ ಸಂಶೋಧಕರು ಸಂಖ್ಯೆ ಸಂಖ್ಯೆಯಾಗಿ ಯಾದಿ ಮಾಡಿ 1994ರಲ್ಲಿ ಪುಸ್ತಕವಾಗಿ ತಂದರು. ಕನ್ನಡ, ಕೊಂಕಣಿ ಇಪಿಗಳಿಗೂ ಅಂಥ ಕೆಲಸ ಆಗಬೇಕು. ಅದಕ್ಕೆ ದೊಡ್ಡ ಸಂಸ್ಥೆಗಾಗಿ ಕಾಯಬೇಕಿಲ್ಲ. ಪೆಟ್ಟಿಗೆ ಇರುವವರು ತಟ್ಟೆಯ ಎರಡೂ ಲೇಬಲ್ಲುಗಳ ಫೋಟೊ ತೆಗೆಯಿರಿ, ಓರೆ ಬೆಳಕಿನಲ್ಲಿ ಗೀರಿಲ್ಲದ ಪಟ್ಟಿಯ ಫೋಟೊ ತೆಗೆಯಿರಿ. ಅಲ್ಲಿ ಕಂಡ ಪ್ರತಿ ಅಂಕಿಯನ್ನೂ, ಅಡ್ಡಗೆರೆಯನ್ನೂ, ಹೊಡೆದುಹಾಕಿದ್ದನ್ನೂ ಕಂಡಂತೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಷ್ಟಾದ ಮೇಲೆ ತೊಳೆಯಿರಿ, ಲೇಬಲ್ಲಿಗೆ ನೀರು ತಾಗದಂತೆ. ಒಣಗಿದ ಮೇಲೆ ಹೊಸ ಲಕೋಟೆಗೆ ಹಾಕಿ ನೆಟ್ಟಗೆ ನಿಲ್ಲಿಸಿಡಿ, ಅಟ್ಟದಲ್ಲಂತೂ ಬೇಡ. ಹಳೆಯ ಲಕೋಟೆ ಹರಿದಿದ್ದರೂ ಎಸೆಯಬೇಡಿ. ಇದನ್ನೆಲ್ಲ ಬೇಸಿಗೆಯಲ್ಲೇ, ಮಳೆ ಹಿಡಿಯುವ ಮೊದಲೇ ಮಾಡಿ.